ಭದ್ರಾವತಿಯ ಕಬ್ಬಿಣ: ದಿವಾನರೊಬ್ಬರು ಕಾರ್ಖಾನೆ ನಡೆಸಿದ ಕಥೆ

ಶಿವಮೊಗ್ಗ ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ, ಭದ್ರಾ ನದಿಯ ದಂಡೆಯ ಮೇಲೆ ಭದ್ರಾವತಿ ಪಟ್ಟಣವಿದೆ. ಈ ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಕಬ್ಬಿಣದ ಕುಲುಮೆ ಬಂದದ್ದರಿಂದ ಆ ಹೆಸರು ಬಂತೆಂದು ಯಾರಾದರೂ ಊಹಿಸಿದರೆ ಆಶ್ಚರ್ಯವಿಲ್ಲ. ಆದರೆ ಹೆಸರು ಹಳೆಯದು, ಕುಲುಮೆ ಹೊಸದು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವೊಂದನ್ನು ಬಿಟ್ಟರೆ ಹೊರಗಿನವರ ಗಮನ ಸೆಳೆಯುವಂಥದ್ದೇನೂ ಇಲ್ಲದಿದ್ದ ಈ ಸಣ್ಣ ಊರು 1923ರ ಜನವರಿ 18ರಂದು ಊದುಕುಲುಮೆ ಹೊತ್ತಿಕೊಂಡ ಮೇಲೆ ಭಾರತದ ಕೈಗಾರಿಕಾ ಭೂಪಟದಲ್ಲಿ ಸ್ಥಾನ ಪಡೆಯಿತು.

ಈ ಕಾರ್ಖಾನೆಯ ಚರಿತ್ರೆ ಒಂದು ಊರಿನ ಚರಿತ್ರೆಯಷ್ಟೇ ಅಲ್ಲ. ಕಾರ್ಖಾನೆ ಯಾರ ಸ್ವತ್ತು, ಅದರ ಲಾಭನಷ್ಟವನ್ನು ಯಾವ ಲೆಕ್ಕದಲ್ಲಿ ಅಳೆಯಬೇಕು ಎಂಬ ಪ್ರಶ್ನೆ ಇದರ ಜೊತೆಗೇ ಹುಟ್ಟಿತು. ಆ ಪ್ರಶ್ನೆ ಈ ಹೊತ್ತಿಗೂ ಮುಗಿದಿಲ್ಲ.

ಒಡೆಯನೇ ರಾಜಕಾರಣಿಯಾದರೆ

ಮೊದಲು ಬೇರೊಂದು ದೇಶದ ಕಡೆಗೆ ಸ್ವಲ್ಪ ದೃಷ್ಟಿ ಹಾಯಿಸೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯನ್ನು ಬಲಿಷ್ಠ ರಾಷ್ಟ್ರವನ್ನಾಗಿ ಮಾಡಿದ ಶಕ್ತಿಗಳಲ್ಲಿ ಕಬ್ಬಿಣ ಮತ್ತು ಕಲ್ಲಿದ್ದಲು ಮುಖ್ಯವಾದವು. ಅಲ್ಲಿನ ಕಬ್ಬಿಣದ ಕಾರ್ಖಾನೆಗಳು ಕೆಲವು ಶ್ರೀಮಂತ ಮನೆತನಗಳ ಕೈಯಲ್ಲಿದ್ದವು. ಸಾರ್ ಪ್ರದೇಶದ ನಾಯ್ನ್‌ಕಿರ್ಶೆನ್ ಊರಿನ ಕಾರ್ಖಾನೆಯ ಒಡೆಯನಾಗಿದ್ದ ಕಾರ್ಲ್ ಫರ್ಡಿನೆಂಡ್ ಸ್ಟುಮ್ ಇಂಥವರಲ್ಲಿ ಒಬ್ಬ. 1836ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಈತ ಜರ್ಮನ್ ಸಂಸತ್ತಿನ ಸದಸ್ಯನೂ ಆಗಿದ್ದ. ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಾಲೆಗಳನ್ನು ಕಟ್ಟಿಸಿದ. ಮುಪ್ಪಿನ ಕಾಲದ ವಿಮೆಯ ಪರವಾಗಿ ಸಂಸತ್ತಿನಲ್ಲಿ ಮಾತನಾಡಿದ. ಅದೇ ಮನುಷ್ಯ ಕಾರ್ಮಿಕ ಸಂಘಗಳನ್ನು ಕಟುವಾಗಿ ವಿರೋಧಿಸಿದ. ತನಗೆ ಒಪ್ಪಿಗೆಯಾಗದ ಪತ್ರಿಕೆಗಳನ್ನು ಕೆಲಸಗಾರರು ಓದುವಂತಿರಲಿಲ್ಲ, ಮದುವೆಗೂ ಒಡೆಯನ ಅನುಮತಿ ಬೇಕಾಗಿತ್ತು. ಜನ ಈತನನ್ನು ‘ರಾಜ ಸ್ಟುಮ್’ ಎಂದೇ ಕರೆಯುತ್ತಿದ್ದರು.

ಇಲ್ಲಿ ಕಾರ್ಖಾನೆ ಮೊದಲು, ರಾಜಕೀಯ ಆಮೇಲೆ. ಒಡೆತನದಿಂದ ಬಂದ ಬಲವನ್ನು ಒಬ್ಬ ಮನುಷ್ಯ ಶಾಸನಸಭೆಗೂ ಕೊಂಡೊಯ್ದ. ಮೈಸೂರು ಸಂಸ್ಥಾನದಲ್ಲಿ ಈ ದಾರಿ ತಿರುಗುಮುರುಗಾಯಿತು. ರಾಜ್ಯಾಡಳಿತ ನಡೆಸಿದವರೊಬ್ಬರು ಆಮೇಲೆ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು; ಆದರೆ ಒಡೆಯರಾಗಿ ಅಲ್ಲ. ಅವರೇ ಸರ್ ಎಂ. ವಿಶ್ವೇಶ್ವರಯ್ಯನವರು.

ಕೆಂಪು ಮಣ್ಣಿನ ಸಂಪತ್ತು

ಭದ್ರಾವತಿಯ ದಕ್ಷಿಣಕ್ಕೆ ಬಾಬಾಬುಡನ್ ಗಿರಿಶ್ರೇಣಿ ಇದೆ. ಅಲ್ಲಿನ ಕೆಮ್ಮಣ್ಣುಗುಂಡಿ ಎಂಬ ಹೆಸರನ್ನು ಬಿಡಿಸಿ ನೋಡಿದರೆ ಸಾಕು, ಕೆಂಪು ಮಣ್ಣಿನ ಗುಂಡಿ ಎಂಬ ಅರ್ಥ ತಾನಾಗಿ ತೋರುತ್ತದೆ. ಆ ಕೆಂಪಿಗೆ ಕಾರಣ ಮಣ್ಣಿನಲ್ಲಿರುವ ಕಬ್ಬಿಣ. ಮೈಸೂರು ಸೀಮೆಯ ಜನರಿಗೆ ಈ ಸಂಪತ್ತು ಹೊಸದೇನಲ್ಲ. ಟಿಪ್ಪು ಸುಲ್ತಾನನ ಪತನದ ನಂತರ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಪ್ರಾಂತ್ಯದಲ್ಲಿ ಪ್ರವಾಸ ಮಾಡಿದಾಗ ಹಳ್ಳಿಗಳಲ್ಲಿ ಸಣ್ಣ ಮಣ್ಣಿನ ಕುಲುಮೆಗಳಲ್ಲಿ ಇದ್ದಿಲು ಉರಿಸಿ, ತಿದಿ ಒತ್ತಿ ಕಬ್ಬಿಣ ತೆಗೆಯುವುದನ್ನೂ ಉಕ್ಕು ಮಾಡುವುದನ್ನೂ ಕಂಡು ವಿವರವಾಗಿ ಬರೆದಿಟ್ಟ.

ಹತ್ತೊಂಬತ್ತನೆಯ ಶತಮಾನ ಕಳೆಯುತ್ತ ಈ ಕುಲುಮೆಗಳು ಒಂದೊಂದಾಗಿ ಆರಿಹೋದವು. ಇಂಗ್ಲೆಂಡಿನ ದೊಡ್ಡ ಕಾರ್ಖಾನೆಗಳ ಅಗ್ಗದ ಕಬ್ಬಿಣ ಹಡಗಿನಲ್ಲಿ ಬಂದು, ರೈಲಿನಲ್ಲಿ ಒಳನಾಡಿಗೆ ತಲುಪಿತು. ನೇಗಿಲ ಗುಳದಿಂದ ರೈಲುಹಳಿಯವರೆಗೆ ಎಲ್ಲವೂ ಹೊರಗಿನ ಲೋಹದಿಂದಲೇ ಆಗತೊಡಗಿತು. ಬೆಟ್ಟದಲ್ಲಿ ಅದಿರು ಉಳಿಯಿತು, ಅದನ್ನು ಕರಗಿಸುವ ಕಸುಬು ಅಳಿಯಿತು.

ಎಂಜಿನಿಯರ್ ದಿವಾನರಾದದ್ದು

ವಿಶ್ವೇಶ್ವರಯ್ಯನವರು 1861ರಲ್ಲಿ ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಎಂಜಿನಿಯರಿಂಗ್ ವಿದ್ಯೆ ಪಡೆದು, ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲ ಕೆಲಸ ಮಾಡಿದರು. 1898ರಲ್ಲಿ ಜಪಾನ್ ಪ್ರವಾಸ ಮಾಡಿದಾಗ, ಪಶ್ಚಿಮದ ಒಡೆತನಕ್ಕೆ ಸಿಕ್ಕದ ಏಷ್ಯದ ದೇಶವೊಂದು ಕೆಲವೇ ದಶಕಗಳಲ್ಲಿ ಶಾಲೆ, ಹಡಗು, ಕಾರ್ಖಾನೆಗಳನ್ನು ಕಟ್ಟಿಕೊಂಡದ್ದನ್ನು ಕಣ್ಣಾರೆ ಕಂಡರು. ಅಲ್ಲಿ ಅನೇಕ ಉದ್ಯಮಗಳನ್ನು ಮೊದಲು ಸರ್ಕಾರವೇ ಆರಂಭಿಸಿತ್ತು ಎಂಬುದು ಅವರ ಮನಸ್ಸಿನಲ್ಲಿ ನಿಂತಿತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ದಿವಾನರನ್ನಾಗಿ ನೇಮಿಸಿದರು. ಮುಂದಿನ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916) ಹುಟ್ಟಿದವು. ಸಾಲ ಕೊಡುವ ಬ್ಯಾಂಕ್, ತಿಳಿವಳಿಕೆ ಬೆಳೆಸುವ ಭಾಷೆ, ಪರಿಣತರನ್ನು ತಯಾರು ಮಾಡುವ ವಿದ್ಯಾಲಯ, ಇವುಗಳ ಸಾಲಿನಲ್ಲೇ ಕಬ್ಬಿಣದ ಕಾರ್ಖಾನೆಯನ್ನೂ ನೋಡಬೇಕು. ಕೈಗಾರಿಕೆ ಬೆಳೆಸದ ನಾಡು ನಾಶವಾಗುತ್ತದೆ ಎಂಬುದು ಅವರು ಜೀವನವಿಡೀ ಸಾರಿದ ಮಾತು.

ಆಗ ಭಾರತದಲ್ಲಿ ಜೆಮ್‌ಷೆಡ್‌ಪುರದ ಟಾಟಾ ಕಾರ್ಖಾನೆ ಕೆಲಸ ಆರಂಭಿಸಿ ಕೆಲವು ವರ್ಷಗಳಷ್ಟೇ ಆಗಿದ್ದವು. ಮೊದಲ ಮಹಾಯುದ್ಧದ ಕಾಲದಲ್ಲಿ ವಿದೇಶದ ಕಬ್ಬಿಣ ಬರುವುದು ಕಷ್ಟವಾಗಿ, ಸ್ವಂತ ಕಾರ್ಖಾನೆಯ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. 1915-16ರ ಸುಮಾರಿಗೆ ಕೆಮ್ಮಣ್ಣುಗುಂಡಿಯ ಅದಿರಿನ ಬಗ್ಗೆ ಪರಿಶೀಲನೆ ನಡೆಯಿತು. ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆಯ ತಜ್ಞರು ವರದಿ ನೀಡಿದರು. ಮೈಸೂರಿನಲ್ಲಿ ಇಷ್ಟು ದೊಡ್ಡ ಬಂಡವಾಳ ಹೂಡಬಲ್ಲ ಖಾಸಗಿ ಉದ್ಯಮಿಗಳು ಇರಲಿಲ್ಲ. ಆದ್ದರಿಂದ ಸಂಸ್ಥಾನದ ಬೊಕ್ಕಸದ ಹಣದಿಂದಲೇ, ಅಂದರೆ ರೈತನ ಕಂದಾಯವೂ ಸೇರಿದ ಸಾರ್ವಜನಿಕರ ಹಣದಿಂದ, ಕಾರ್ಖಾನೆ ಕಟ್ಟಲು ತೀರ್ಮಾನವಾಯಿತು. ಜರ್ಮನಿಯ ಸ್ಟುಮ್‌ಗೂ ಮೈಸೂರಿನ ದಿವಾನರಿಗೂ ಇದ್ದ ಮೂಲಭೂತ ವ್ಯತ್ಯಾಸ ಇದು.

ಕಲ್ಲಿದ್ದಲಿಲ್ಲದೆ ಕಬ್ಬಿಣ

ಕಬ್ಬಿಣದ ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ ಕಲ್ಲು. ಆಮ್ಲಜನಕವನ್ನು ಬೇರ್ಪಡಿಸಲು ಇಂಗಾಲ ಬೇಕು, ಅದು ನಡೆಯುವಷ್ಟು ಬಿಸಿಯೂ ಬೇಕು. ಊದುಕುಲುಮೆಯಲ್ಲಿ ಈ ಎರಡು ಕೆಲಸವನ್ನೂ ಒಂದೇ ಉರುವಲು ಮಾಡುತ್ತದೆ. ಮೇಲಿನಿಂದ ಅದಿರು, ಉರುವಲು, ಸುಣ್ಣಕಲ್ಲುಗಳನ್ನು ಸುರಿದು ಕೆಳಗಿನಿಂದ ಬಿಸಿ ಗಾಳಿ ಊದಿದಾಗ ಅದಿರಿನ ಕಲ್ಮಷ ಸುಣ್ಣದ ಜೊತೆ ಕೂಡಿ ಕಿಟ್ಟವಾಗಿ ಮೇಲೆ ತೇಲುತ್ತದೆ. ಕರಗಿದ ಕಬ್ಬಿಣ ತಳಕ್ಕೆ ಇಳಿಯುತ್ತದೆ. ಇದೇ ಬೀಡುಕಬ್ಬಿಣ.

ಜರ್ಮನಿಯಲ್ಲಿಯೂ ಜೆಮ್‌ಷೆಡ್‌ಪುರದಲ್ಲಿಯೂ ಈ ಕೆಲಸಕ್ಕೆ ಕಲ್ಲಿದ್ದಲಿನಿಂದ ತಯಾರಾದ ಕೋಕ್ ಬಳಸುತ್ತಿದ್ದರು. ಮೈಸೂರಿನಲ್ಲಿ ಕಲ್ಲಿದ್ದಲೇ ಇಲ್ಲ. ಬಿಹಾರ, ಬಂಗಾಳದ ಗಣಿಗಳಿಂದ ತರುವುದಾದರೆ ಸಾಗಾಣಿಕೆಯ ಖರ್ಚೇ ಕಬ್ಬಿಣದ ಬೆಲೆಯನ್ನು ನುಂಗಿಬಿಡುತ್ತಿತ್ತು. ಆದರೆ ಮಲೆನಾಡಿನಲ್ಲಿ ಕಾಡು ಇತ್ತು. ಕಟ್ಟಿಗೆಯಿಂದ ಇದ್ದಿಲು ಮಾಡಿ ಕುಲುಮೆ ನಡೆಸುವುದೇ ದಾರಿ ಎಂದು ತಜ್ಞರು ಸೂಚಿಸಿದರು. ಇದ್ದಿಲಿನಲ್ಲಿ ಗಂಧಕ ತೀರ ಕಡಿಮೆ ಇರುವುದರಿಂದ ಅದರಿಂದ ತೆಗೆದ ಕಬ್ಬಿಣದ ಗುಣಮಟ್ಟವೂ ಒಳ್ಳೆಯದಾಗಿರುತ್ತದೆ.

ಇದ್ದಿಲಿಗಾಗಿ ಕಟ್ಟಿಗೆಯನ್ನು ಬಯಲಿನಲ್ಲಿ ಸುಡಲಿಲ್ಲ. ಗಾಳಿಯಾಡದ ದೊಡ್ಡ ಪಾತ್ರೆಗಳಲ್ಲಿಟ್ಟು ಕಾಯಿಸಿದರು. ಆಗ ಹೊರಬರುವ ಆವಿಯನ್ನು ತಣಿಸಿ ಅಸಿಟೇಟ್, ಮೀಥೈಲ್ ಆಲ್ಕೊಹಾಲ್, ಟಾರು ಮುಂತಾದ ವಸ್ತುಗಳನ್ನು ಪಡೆದರು. ಇವುಗಳ ಮಾರಾಟದಿಂದ ಬರುವ ಹಣ ಇದ್ದಿಲಿನ ಖರ್ಚನ್ನು ತಗ್ಗಿಸಬೇಕು ಎಂಬುದು ಲೆಕ್ಕಾಚಾರ. ಈ ಕಾರಣದಿಂದಲೇ ಉದ್ಯಮದ ಹೆಸರಿನಲ್ಲಿ ಕಬ್ಬಿಣದ ಜೊತೆ ಕಟ್ಟಿಗೆಯ ಭಟ್ಟಿ ಇಳಿಸುವಿಕೆಯೂ ಮೊದಲು ಸೇರಿಕೊಂಡಿತ್ತು.

ಸ್ಥಳದ ಆಯ್ಕೆಗೂ ಕಾರಣಗಳಿದ್ದವು. ಭದ್ರಾ ನದಿಯ ನೀರು ವರ್ಷವಿಡೀ ದೊರೆಯುತ್ತಿತ್ತು. ಬೀರೂರು-ಶಿವಮೊಗ್ಗ ರೈಲುಮಾರ್ಗ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಬೆಂಕಿಪುರವನ್ನು ಹಾದುಹೋಗಿತ್ತು. ಸುಣ್ಣಕಲ್ಲು ಸಮೀಪದಲ್ಲೇ ಸಿಗುತ್ತಿತ್ತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ಮೂಲಕ ಬೆಟ್ಟದ ಬುಡದ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ ಬರುತ್ತಿತ್ತು. ಕಾಡಿನೊಳಕ್ಕೂ ಟ್ರಾಮ್ ಹಳಿಗಳು ಹೋದವು. ಕಡಿದ ಮರ ಅವುಗಳ ಮೇಲೆ ಕಾರ್ಖಾನೆಗೆ ಬಂತು.

ರಾಜೀನಾಮೆ

ಆದರೆ ಕುಲುಮೆ ಹೊತ್ತುವ ಹೊತ್ತಿಗೆ ವಿಶ್ವೇಶ್ವರಯ್ಯನವರು ದಿವಾನರಾಗಿ ಉಳಿದಿರಲಿಲ್ಲ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರ ಹಿಂದುಳಿದ ವರ್ಗಗಳಿಗೆ ಸಾಕಷ್ಟು ಸ್ಥಾನ ದೊರೆಯುತ್ತಿಲ್ಲವೆಂಬ ಕೂಗು ಆಗ ಸಂಸ್ಥಾನದಲ್ಲಿ ಬಲವಾಗಿತ್ತು. ಈ ವಿಷಯ ಪರಿಶೀಲಿಸಲು ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ನೇಮಕಕ್ಕೆ ಅರ್ಹತೆಯೊಂದೇ ಅಳತೆಗೋಲಾಗಬೇಕು, ವಿದ್ಯೆ ಹರಡಿದಂತೆ ಉಳಿದದ್ದು ತಾನೇ ಸರಿಹೋಗುತ್ತದೆ ಎಂಬುದು ದಿವಾನರ ನಿಲುವು. ವಿದ್ಯೆಯ ಅವಕಾಶವೇ ಸಮನಾಗಿಲ್ಲದಿರುವಾಗ ಅರ್ಹತೆಯ ಅಳತೆಯೂ ಸಮನಾಗಲಾರದು ಎಂಬುದು ಎದುರು ಪಕ್ಷದ ವಾದ. ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಬಂದು ಅವರು ಆ ವರ್ಷದ ಕೊನೆಯಲ್ಲಿ ಅಧಿಕಾರ ಬಿಟ್ಟರು.

ವಿಶ್ವೇಶ್ವರಯ್ಯನವರ ಜೀವನವನ್ನು ಹೇಳುವಾಗ ಈ ಅಧ್ಯಾಯವನ್ನು ಹಾರಿಸಿಬಿಡುವ ರೂಢಿ ಇದೆ. ಅದು ಸರಿಯಲ್ಲ. ಕಾರ್ಖಾನೆ, ಕಾಲೇಜು, ಕಚೇರಿಗಳು ಜನರ ಹಣದಿಂದ ಎದ್ದಾಗ ಅವುಗಳ ಬಾಗಿಲು ಯಾರಿಗೆ ಎಷ್ಟು ತೆರೆದಿರಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಗೆ ಮೈಸೂರು ಕೊಟ್ಟ ಉತ್ತರ ದಿವಾನರ ಉತ್ತರಕ್ಕಿಂತ ಬೇರೆಯಾಗಿತ್ತು, ಮತ್ತು ಮುಂದಿನ ಭಾರತ ನಡೆದದ್ದು ಹೆಚ್ಚಾಗಿ ಮೈಸೂರಿನ ದಾರಿಯಲ್ಲೇ.

‘ಬಿಳಿ ಆನೆ’ಯ ಮಾವುತ

ಕಾರ್ಖಾನೆ ಆರಂಭವಾದ ಗಳಿಗೆ ಒಳ್ಳೆಯದಾಗಿರಲಿಲ್ಲ. ಯುದ್ಧ ಮುಗಿದು ಕಬ್ಬಿಣದ ಬೆಲೆ ಇಳಿದಿತ್ತು. ಯಂತ್ರಗಳಿಗೂ ಕಟ್ಟಡಗಳಿಗೂ ಅಂದಾಜಿಗಿಂತ ಹೆಚ್ಚು ಖರ್ಚಾಗಿತ್ತು. ವಿದೇಶಿ ತಜ್ಞರ ಸಂಬಳ ಭಾರವಾಗಿತ್ತು. ಬಡ ರೈತನ ಕಂದಾಯ ತಿನ್ನುವ ಬಿಳಿ ಆನೆ ಇದು ಎಂದು ಟೀಕಾಕಾರರು ಹೇಳತೊಡಗಿದರು. ಅವರ ಆತಂಕಕ್ಕೆ ಆಧಾರವಿತ್ತು: ನಷ್ಟವಾದರೆ ಅದನ್ನು ತುಂಬಬೇಕಾದದ್ದು ಯಾವ ಒಡೆಯನ ತಿಜೋರಿಯೂ ಅಲ್ಲ, ಸಂಸ್ಥಾನದ ಬೊಕ್ಕಸ.

ಈ ಸ್ಥಿತಿಯಲ್ಲಿ ಸರ್ಕಾರ ಮತ್ತೆ ವಿಶ್ವೇಶ್ವರಯ್ಯನವರನ್ನೇ ಕರೆಯಿತು. 1923ರಿಂದ 1929ರವರೆಗೆ ಅವರು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದರು. ಸಂಸ್ಥಾನವನ್ನೇ ನಡೆಸಿದವರು ಒಂದು ಕಾರ್ಖಾನೆಯ ಹೊಣೆ ಹೊರುವುದನ್ನು ಕೆಳಗಿಳಿದಂತೆ ಎಂದು ಅವರು ಎಣಿಸಲಿಲ್ಲ. ಖರ್ಚಿನ ಪ್ರತಿ ಬಾಬನ್ನೂ ಪರಿಶೀಲಿಸಿದರು. ವಿದೇಶಿ ತಜ್ಞರ ಸಂಖ್ಯೆಯನ್ನು ಇಳಿಸಿ ಅವರ ಕೆಲಸವನ್ನು ಕಲಿತ ಮೈಸೂರಿನ ಎಂಜಿನಿಯರುಗಳಿಗೆ ಹೊಣೆ ವಹಿಸಿದರು. ಕಾರ್ಖಾನೆ ತನ್ನ ದಿನನಿತ್ಯದ ಖರ್ಚನ್ನು ತಾನೇ ಗಳಿಸಿಕೊಳ್ಳುವತ್ತ ಸಾಗಿತು. ಸಾರ್ವಜನಿಕ ಉದ್ಯಮವೆಂದ ಮಾತ್ರಕ್ಕೆ ನಷ್ಟಕ್ಕೆ ವಿನಾಯಿತಿ ಇಲ್ಲವೆಂದು ಅವರು ನಂಬಿದ್ದರು. ಲಾಭ ಇನ್ನೂ ಬರಲಿಲ್ಲವೆಂದು ಕಲಿಯುವ ಶಾಲೆಯನ್ನೇ ಮುಚ್ಚಬಾರದೆಂಬುದೂ ಅವರ ನಂಬಿಕೆಯಾಗಿತ್ತು.

1927ರಲ್ಲಿ ಮೈಸೂರು ಸಂಸ್ಥಾನದ ಪ್ರವಾಸದಲ್ಲಿದ್ದ ಗಾಂಧೀಜಿಯವರು ಭದ್ರಾವತಿಗೂ ಭೇಟಿ ನೀಡಿದರು. ಚರಕದ ಮೂಲಕ ಹಳ್ಳಿಯನ್ನು ಎಬ್ಬಿಸಬೇಕೆಂದವರು ಒಬ್ಬರು, ದೊಡ್ಡ ಯಂತ್ರಗಳಿಂದ ನಾಡನ್ನು ಎಬ್ಬಿಸಬೇಕೆಂದವರು ಇನ್ನೊಬ್ಬರು. ಅಭಿಪ್ರಾಯ ಬೇರೆಯಾದರೂ ಒಬ್ಬರ ಬಗ್ಗೆ ಒಬ್ಬರಿಗಿದ್ದ ಗೌರವ ಕಡಿಮೆಯಾಗಲಿಲ್ಲ.

ಅಧ್ಯಕ್ಷರಾಗಿ ಮಾಡಿದ ಸೇವೆಗೆ ಸಲ್ಲಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಸ್ವಂತಕ್ಕೆ ತೆಗೆದುಕೊಳ್ಳಲಿಲ್ಲ. ಯುವಕರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಅದನ್ನು ಬಳಸಬೇಕೆಂದು ಕೇಳಿಕೊಂಡರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರಿಡಲೂ ಅವರು ಒಪ್ಪಲಿಲ್ಲ. ಅದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂದಾಯಿತು.

ಬೆಳೆದ ಊರು, ಕರಗಿದ ಕಾಡು

ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ ಕಾರ್ಖಾನೆ ಇನ್ನೂ ಬೆಳೆಯಿತು. ಬೀಡುಕಬ್ಬಿಣದ ಪೈಪುಗಳು, ಉಕ್ಕು, ಸಿಮೆಂಟು ಒಂದೊಂದಾಗಿ ಬಂದವು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಅದೇ ಊರಿನಲ್ಲಿ ಸ್ಥಾಪನೆಯಾಯಿತು. ಹಳೆಯ ಊರಿನ ಪಕ್ಕದಲ್ಲಿ ನ್ಯೂಟೌನ್, ಪೇಪರ್‌ಟೌನ್ ಎಂಬ ಬಡಾವಣೆಗಳು ಎದ್ದವು. ಕನ್ನಡ, ತಮಿಳು, ತೆಲುಗು, ಉರ್ದು ಮಾತನಾಡುವ ಕುಟುಂಬಗಳು ಕಾರ್ಖಾನೆಯ ಸೈರನ್ನಿಗೆ ಹೊಂದಿಕೊಂಡು ಒಂದೇ ಬೀದಿಯಲ್ಲಿ ಬಾಳಿದವು. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿಯಲ್ಲಿ ಮುಂದೆ ಕೈಗಾರಿಕಾ ಪ್ರದೇಶ ಬೆಳೆಯಿತು. ಎರಕದ ಕಸುಬು ಈ ಸೀಮೆಯಲ್ಲಿ ನೆಲೆ ನಿಂತಿತು.

ಇದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಒಂದು ಟನ್ ಬೀಡುಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು ಬೇಕು, ಅಷ್ಟು ಇದ್ದಿಲಿಗೆ ಅದರ ನಾಲ್ಕೈದು ಪಟ್ಟು ಕಟ್ಟಿಗೆ ಬೇಕು. ಹಗಲೂ ರಾತ್ರಿ ಉರಿಯುವ ಕುಲುಮೆಗೆ ದಶಕಗಳ ಕಾಲ ಮಲೆನಾಡಿನ ಮರಗಳು ಆಹುತಿಯಾದವು. ಆ ಕಾಲದ ಲೆಕ್ಕಪುಸ್ತಕದಲ್ಲಿ ಮರಕ್ಕೆ ಕಡಿಯುವ ಕೂಲಿ, ಸಾಗಿಸುವ ಕೂಲಿ ಇತ್ತು. ಮರ ಹೋದ ಮೇಲೆ ತೊರೆ ಬತ್ತುವುದಕ್ಕೆ, ಮಣ್ಣು ಕೊಚ್ಚಿಹೋಗುವುದಕ್ಕೆ ಬಾಬು ಇರಲಿಲ್ಲ.

ಈ ಒತ್ತಡ ತಗ್ಗಿದ್ದು ವಿದ್ಯುತ್ತಿನಿಂದ. 1948ರಲ್ಲಿ ಜೋಗದಲ್ಲಿ ಶರಾವತಿಯ ನೀರಿನಿಂದ ವಿದ್ಯುತ್ ಉತ್ಪಾದನೆ ಆರಂಭವಾಯಿತು. 1952ರಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಬೀಡುಕಬ್ಬಿಣ ತೆಗೆಯುವ ಇಂಥ ಕುಲುಮೆಗಳು ಭಾರತದಲ್ಲಿ ಇವೇ ಮೊದಲಿನವು. ಇವುಗಳಲ್ಲಿ ಬಿಸಿಯನ್ನು ವಿದ್ಯುತ್ತೇ ಕೊಡುವುದರಿಂದ ಆಮ್ಲಜನಕ ತೆಗೆಯುವುದಕ್ಕೆ ಮಾತ್ರ ಇಂಗಾಲ ಸಾಕು. ಕಾಡಿನ ಮೇಲಿನ ಭಾರ ಇಳಿಯಿತು. ಆದರೆ ವಿದ್ಯುತ್ತಿಗಾಗಿ ಅಣೆಕಟ್ಟುಗಳು ಎದ್ದಾಗ ಶರಾವತಿ ಕಣಿವೆಯ ಅನೇಕ ಕುಟುಂಬಗಳು ಹೊಲಮನೆ ಕಳೆದುಕೊಂಡವು. ಬೆಲೆ ತೆರುವವರು ಬದಲಾದರು, ಬೆಲೆ ತಪ್ಪಲಿಲ್ಲ.

ನೂರು ವರ್ಷಗಳ ಲೆಕ್ಕ

1955ರಲ್ಲಿ ಭಾರತರತ್ನ ಗೌರವ ಪಡೆದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ನಿಧನರಾದರು. ಅದೇ ವರ್ಷ ಕಾರ್ಖಾನೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಪಾಲಿನ ಕಂಪನಿಯಾಯಿತು. 1976ರಲ್ಲಿ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರು ಬಂತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿ ವಿಲೀನವಾಯಿತು.

ಆಮೇಲಿನ ದಿನಗಳು ಕಷ್ಟದವು. ಹಳೆಯ ಯಂತ್ರಗಳು, ಹೊಸ ಬಂಡವಾಳದ ಕೊರತೆ, ಸ್ವಂತ ಅದಿರು ಗಣಿ ಇಲ್ಲದಿರುವುದು ಕಾರ್ಖಾನೆಯನ್ನು ಹಿಂದಕ್ಕೆ ಜಗ್ಗಿದವು. ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ ಹುಟ್ಟಿದ ಕಾರ್ಖಾನೆಗೆ ಅದಿರೇ ಸಮಸ್ಯೆಯಾದದ್ದು ಚರಿತ್ರೆಯ ವಿಪರ್ಯಾಸ. 2016ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರಿಗೆ ಮಾರಲು ತಾತ್ವಿಕ ಒಪ್ಪಿಗೆ ನೀಡಿತು. ಕೊಳ್ಳುವವರು ಸಾಕಷ್ಟು ಮುಂದೆ ಬಾರದೆ 2022ರಲ್ಲಿ ಆ ಪ್ರಯತ್ನ ಕೈಬಿಟ್ಟಿತು. 2023ರ ಜನವರಿಯಲ್ಲಿ, ಅಂದರೆ ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲೇ, ಕಾರ್ಖಾನೆ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು, ಅದರಲ್ಲೂ ಗುತ್ತಿಗೆ ಕಾರ್ಮಿಕರು ಬೀದಿಗಿಳಿದು ಚಳವಳಿ ನಡೆಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆಲವು ವಿಭಾಗಗಳಲ್ಲಿ ಉತ್ಪಾದನೆ ಮತ್ತೆ ಆರಂಭವಾಯಿತು.

1923ರಲ್ಲಿ ಕೇಳಿದ ಬಿಳಿ ಆನೆಯ ಮಾತು 2023ರಲ್ಲಿಯೂ ಕೇಳಿಬಂದಿತು. ಎರಡು ಕಡೆಯ ವಾದದಲ್ಲೂ ಸತ್ಯಾಂಶವಿದೆ. ಕೊನೆಯಿಲ್ಲದ ನಷ್ಟವನ್ನು ತುಂಬುವ ಹಣ ಶಾಲೆಗೋ ಆಸ್ಪತ್ರೆಗೋ ಹೋಗಬಹುದಾಗಿದ್ದ ಹಣ. ಆದರೆ ಕಾರ್ಖಾನೆ ಉತ್ಪಾದಿಸಿದ್ದು ಕಬ್ಬಿಣವನ್ನಷ್ಟೇ ಅಲ್ಲ. ಪರಿಣತರನ್ನು, ಒಂದು ಊರನ್ನು, ಮೂರು ನಾಲ್ಕು ತಲೆಮಾರಿನ ಬದುಕನ್ನು. ಇವು ಯಾವ ವಾರ್ಷಿಕ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಹಾಗೆಯೇ ಕಡಿದ ಕಾಡೂ ಅಲ್ಲಿ ಕಾಣುವುದಿಲ್ಲ. ಜರ್ಮನಿಯ ಸ್ಟುಮ್‌ನ ಕಾರ್ಖಾನೆಯ ಲೆಕ್ಕ ಕೇಳುವ ಹಕ್ಕು ಅಲ್ಲಿನ ಕೆಲಸಗಾರನಿಗೆ ಇರಲಿಲ್ಲ. ಭದ್ರಾವತಿ ಜನರ ಹಣದಿಂದ ಕಟ್ಟಿದ ಕಾರ್ಖಾನೆ. ಆದ್ದರಿಂದ ಇಲ್ಲಿ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ, ಪೂರ್ತಿ ಲೆಕ್ಕ ನೋಡುವ ಹೊಣೆಯೂ ಇದೆ. ಖರ್ಚಿನ ಪ್ರತಿ ಬಾಬನ್ನೂ ತಪಾಸಣೆ ಮಾಡುತ್ತಿದ್ದ ಆ ಹಿರಿಯರಿಂದ ವಿದ್ಯಾರ್ಥಿಗಳು ಕಲಿಯಬೇಕಾದದ್ದು ಇದೇ.

ಚರ್ಚೆಗೆ

1. ಕಲ್ಲಿದ್ದಲು ಇಲ್ಲದ ಮೈಸೂರಿನಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಿದ್ದು ವಿವೇಕವೇ? ಅನುಕೂಲ, ಅನನುಕೂಲಗಳನ್ನು ಪಟ್ಟಿ ಮಾಡಿ.
2. ನೌಕರಿಯಲ್ಲಿ ಅರ್ಹತೆ ಮತ್ತು ಪ್ರಾತಿನಿಧ್ಯದ ಬಗ್ಗೆ 1918ರಲ್ಲಿ ನಡೆದ ವಾದವನ್ನು ಎರಡು ಕಡೆಯಿಂದಲೂ ಮಂಡಿಸಿ.
3. ನಿಮ್ಮ ಊರಿನ ಒಂದು ಕಾರ್ಖಾನೆ ಅಥವಾ ಉದ್ಯಮಕ್ಕೆ ನೀರು, ಕಚ್ಚಾವಸ್ತು, ಕೆಲಸಗಾರರು ಎಲ್ಲಿಂದ ಬರುತ್ತಾರೆಂದು ಹಿರಿಯರನ್ನು ಕೇಳಿ ತಿಳಿದು ಬರೆಯಿರಿ.